ಎದುರುಮನೆ ಎಲ್ಲಿ ಹೋಯಿತು?

2021ರ ಅಕ್ಟೋಬರ್ ತಿಂಗಳು. ನಮ್ಮ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಭೂಮಿ ಮತ್ತೆ ಮತ್ತೆ ನಡುಗಿತು. ಒಂದು ರಾತ್ರಿ ರಿಕ್ಟರ್ ಮಾಪಕದಲ್ಲಿ 4.1ರಷ್ಟು ದಾಖಲಾದ ಮೇಲಂತೂ ಜನ ಮನೆಯೊಳಗೆ ಮಲಗುವುದನ್ನೇ ಬಿಟ್ಟರು. ಎಷ್ಟೋ ಮಂದಿ ಬಾಗಿಲಿಗೆ ಬೀಗ ಜಡಿದು, ಮಕ್ಕಳುಮರಿ ಕಟ್ಟಿಕೊಂಡು ನೆಂಟರ ಊರುಗಳಿಗೆ ಹೊರಟರು. ಆ ವಾರ ಒಂದು ದಿನ ಬೆಳಗಿನ ಜಾವ ನನ್ನ ಫೋನ್ ಬಡಿದುಕೊಂಡಿತು. ಆ ಕಡೆ ನನ್ನ ಸೋದರತ್ತೆ.

"ಏ ಅವ್ವಿ, ಕಲ್ಲಿನ ಗ್ವಾಡಿ ಬಲ್ಲಿ ಮಲ್ಕೋಬ್ಯಾಡ್ರಿ. ಕೂಸಿಗಂತೂ ಮಲಗಸಲೇಬ್ಯಾಡ."

ನಾನಿರುವುದು ಕಲಬುರಗಿಯಲ್ಲಿ, ಮೂರನೇ ಮಹಡಿಯ ಮನೆಯಲ್ಲಿ. ಸುತ್ತಮುತ್ತ ಹುಡುಕಿದರೂ ಕಲ್ಲಿನ ಗೋಡೆ ಸಿಗುವುದಿಲ್ಲ. ಅವಳು ಹೇಳಿದ 'ಕೂಸಿ'ಗೆ, ಅಂದರೆ ನನ್ನ ಮಗಳಿಗೆ, ಆಗಲೇ ಹತ್ತು ವರ್ಷ. ಇದನ್ನೆಲ್ಲ ಹೇಳಿದೆ. "ಗೊತ್ತದ, ಎಲ್ಲಾ ಗೊತ್ತದ. ಆದ್ರೂ ಮಲ್ಕೋಬ್ಯಾಡ್ರಿ" ಎಂದು ಅತ್ತೆ ಫೋನ್ ಇಟ್ಟಳು.

ಮಗಳು ಕಣ್ಣುಜ್ಜಿಕೊಳ್ಳುತ್ತ ಕೇಳಿದಳು: "ಆಯಿಗೆ ಗೋಡೆ ಕಂಡ್ರೆ ಯಾಕೆ ಭಯ?"

ಆ ವರ್ಷದ ದೀಪಾವಳಿಗೆ ಅವಳನ್ನು ಕರೆದುಕೊಂಡು ಅತ್ತೆಯ ಊರಿಗೆ ಹೋದೆ.

ನನ್ನ ತವರು ಆಳಂದ ತಾಲ್ಲೂಕಿನ ಒಂದು ಹಳ್ಳಿ. ಗಡಿ ದಾಟಿದರೆ ಮಹಾರಾಷ್ಟ್ರದ ಉಮರ್ಗಾ. ಗಡಿ ಎನ್ನುವುದು ನಕಾಶೆಯಲ್ಲಿ ಮಾತ್ರ. ನಮ್ಮ ಕಡೆ ಹೆಣ್ಣು ಕೊಡುವುದು, ತರುವುದು, ಎತ್ತು ಮಾರುವುದು, ಜಾತ್ರೆಗೆ ಹೋಗುವುದು ಎಲ್ಲ ಆಚೀಚೆ ನಡೆದೇ ಇರುತ್ತದೆ. ಅತ್ತೆಯನ್ನು ಕೊಟ್ಟದ್ದು ಆಗಿನ ಉಸ್ಮಾನಾಬಾದ್, ಈಗಿನ ಧಾರಾಶಿವ ಜಿಲ್ಲೆಯ ಒಂದು ಊರಿಗೆ. ಓಣಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ, ಎದುರುಮನೆಯವರ ಜೊತೆ ದಖನಿ ಉರ್ದು. ಮೂರೂ ಅವಳಿಗೆ ನೀರು ಕುಡಿದಷ್ಟು ಸುಲಭ.

ಚಿಕ್ಕವಳಿದ್ದಾಗ ಬೇಸಿಗೆ ರಜೆಯೆಂದರೆ ನನಗೆ ಅತ್ತೆಯ ಊರೇ. ಮನೆ ಒಂಬತ್ತು ಖಣದ್ದು. ಖಣವೆಂದರೆ ಎರಡು ಕಂಬಗಳ ನಡುವಿನ ಜಾಗ; ಕೆಲವು ಕಡೆ ಅಂಕಣ ಎನ್ನುತ್ತಾರೆ. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಅಡಿ, ಗಜ ಯಾರೂ ಹೇಳುತ್ತಿರಲಿಲ್ಲ, ಖಣ ಎಣಿಸುತ್ತಿದ್ದರು. ಒಂದೇ ದೊಡ್ಡ ಬಾಗಿಲು. ಎತ್ತುಗಳು, ಎಮ್ಮೆ, ಅತ್ತೆಯ ಮಾವ, ಬಂದ ನೆಂಟರು, ಎಲ್ಲರೂ ಅದರಲ್ಲೇ ಒಳಗೆ ಬರಬೇಕು. ಒಳಗೆ ಎಡಕ್ಕೆ ದನದ ಕೊಟ್ಟಿಗೆ, ಬಲಕ್ಕೆ ಪಡಸಾಲೆ, ಹಿಂದೆ ನಡುಮನೆ, ಅಡುಗೆಮನೆ. ಗೋಡೆಯ ದಪ್ಪ ಎಷ್ಟಿತ್ತೆಂದರೆ ಕಿಟಕಿಯ ಕಟ್ಟೆಯ ಮೇಲೆ ನಾನು ಕಾಲು ಮಡಚಿ ಮಲಗುತ್ತಿದ್ದೆ. ಮೇಲೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ಒಳಗೆ ಕಾಲಿಟ್ಟರೆ ಬಾವಿಗೆ ಇಳಿದ ಹಾಗೆ ತಂಪು.

ಎದುರಿಗೆ ಖಾಲಾನ ಮನೆ. ಅವರಿಗೆ ಹೊಲ ಇರಲಿಲ್ಲ. ಖಾಲಾ ಕೂಲಿಗೆ ಹೋಗುತ್ತಿದ್ದಳು, ಮಳೆಗಾಲದಲ್ಲಿ ಕೌದಿ ಹೊಲಿಯುತ್ತಿದ್ದಳು. ಎರಡು ಬಾಗಿಲುಗಳ ನಡುವೆ ಒಂದು ಬಂಡಿ ಹೋಗುವಷ್ಟೇ ದಾರಿ. ಅತ್ತೆ ಒಲೆಯ ಮುಂದೆ ಕುಳಿತು ಕೂಗಿದರೆ ಖಾಲಾ ತನ್ನ ಒಲೆಯ ಮುಂದಿನಿಂದಲೇ ಉತ್ತರ ಕೊಡುತ್ತಿದ್ದಳು. ಅತ್ತೆಗೆ ಇಬ್ಬರು ಮಕ್ಕಳು. ದೊಡ್ಡವಳು ನನಗಿಂತ ಎರಡು ವರ್ಷ ಹಿರಿಯಳು; ಸಣ್ಣವನಿಗೆ ಆರು ವರ್ಷ. ಅವನು ಊಟ ಮಾಡುತ್ತಿದ್ದುದು ಹೆಚ್ಚಾಗಿ ಖಾಲಾನ ಮನೆಯಲ್ಲೇ.

1993ರ ಸೆಪ್ಟೆಂಬರ್ 29 ಗಣಪತಿ ಕಳಿಸುವ ದಿನ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಅದೇನು ಸಣ್ಣ ಹಬ್ಬವಲ್ಲ. ಜನ ರಾತ್ರಿ ಬಹಳ ಹೊತ್ತು ಮೆರವಣಿಗೆಯಲ್ಲಿದ್ದು, ದಣಿದು ಬಂದು ಮಲಗಿದ್ದರು. ಬೆಳಗಾದರೆ 30. ನಸುಕಿನ 3 ಗಂಟೆ 56 ನಿಮಿಷಕ್ಕೆ ನೆಲ ಅಲುಗಿತು. ಕೇಂದ್ರ ಲಾತೂರ್ ಜಿಲ್ಲೆಯ ಕಿಲ್ಲಾರಿಯ ಹತ್ತಿರ, ತೀವ್ರತೆ ಸುಮಾರು 6.2. ಜಗತ್ತಿನ ದೊಡ್ಡ ಭೂಕಂಪಗಳ ಪಟ್ಟಿಯಲ್ಲಿ ಅದು ಬಹಳ ಕೆಳಗೆ ಬರುತ್ತದೆ. ಸತ್ತವರು ಮಾತ್ರ ಎಂಟರಿಂದ ಹತ್ತು ಸಾವಿರ.

ಆಳಂದದ ಕಡೆ ನಮಗೂ ಎಚ್ಚರವಾಯಿತು. ಗೂಡಿನಲ್ಲಿದ್ದ ತಾಮ್ರದ ತಂಬಿಗೆಗಳು ಒಂದೊಂದಾಗಿ ಕೆಳಗೆ ಬಿದ್ದ ಸದ್ದು ನನಗಿನ್ನೂ ನೆನಪಿದೆ. ಅಪ್ಪ ನಮ್ಮನ್ನೆಲ್ಲ ಅಂಗಳಕ್ಕೆ ಎಳೆದ. ಬೆಳಿಗ್ಗೆ ರೇಡಿಯೋದಲ್ಲಿ ಕಿಲ್ಲಾರಿಯ ಹೆಸರು ಕೇಳಿ ಅಂಗಿ ಹಾಕಿಕೊಂಡು ಹೊರಟವನು ಬಂದದ್ದು ನಾಲ್ಕನೇ ದಿನ, ಮಳೆಯಲ್ಲಿ ನೆನೆದು. ಏನನ್ನೂ ಹೇಳಲಿಲ್ಲ. ಅತ್ತೆ, ಮಾವ, ಅಕ್ಕ ಬದುಕಿದ್ದಾರೆ ಎಂದಷ್ಟೇ ಹೇಳಿದ. ಹೇಳದೆ ಬಿಟ್ಟ ಹೆಸರುಗಳನ್ನು ನಾವೇ ಲೆಕ್ಕ ಹಾಕಿಕೊಂಡೆವು: ಅತ್ತೆಯ ಅತ್ತೆ, ಮತ್ತು ಆರು ವರ್ಷದ ಸಣ್ಣವನು.

ಗೋಡೆ ಕಂಡರೆ ಯಾಕೆ ಭಯ ಎಂದು ಮಗಳು ಕೇಳಿದ್ದಕ್ಕೆ ಉತ್ತರ ಆ ಗೋಡೆಯೊಳಗೇ ಇದೆ. ಓದುವ ಮಕ್ಕಳೂ ತಿಳಿದುಕೊಳ್ಳಬೇಕಾದ ವಿಷಯ ಇದು. ಎರಡಡಿ, ಮೂರಡಿ ದಪ್ಪದ ಆ ಗೋಡೆ ಹೊರಗಿನಿಂದ ಕೋಟೆಯ ಹಾಗೆ ಕಾಣುತ್ತದೆ. ನಿಜದಲ್ಲಿ ಅದು ಒಂದು ಗೋಡೆಯಲ್ಲ, ಎರಡು. ಹೊರಮೈಗೆ ಒಂದು ಸಾಲು ಕಲ್ಲು, ಒಳಮೈಗೆ ಇನ್ನೊಂದು ಸಾಲು, ನಡುವೆ ಕಲ್ಲಿನ ಚೂರು ಮತ್ತು ಮಣ್ಣು. ಈ ಮೈಯಿಂದ ಆ ಮೈವರೆಗೆ ಹಾಯುವ ಉದ್ದ ಕಲ್ಲುಗಳನ್ನು ಅಲ್ಲಲ್ಲಿ ಇಟ್ಟಿದ್ದರೆ ಎರಡೂ ಹಿಡಿದುಕೊಂಡಿರುತ್ತಿದ್ದವು. ಬಹಳ ಮನೆಗಳಲ್ಲಿ ಅವು ಇರಲಿಲ್ಲ. ದಾರ ಹಾಕಿ ಹೊಲಿಯದ ಪುಸ್ತಕವನ್ನು ನಿಲ್ಲಿಸಿ ಅಲ್ಲಾಡಿಸಿ ನೋಡಿ. ರಟ್ಟು ಎರಡು ಕಡೆಗೆ, ಹಾಳೆ ನಡುವಿಗೆ ಬೀಳುತ್ತವೆ. ಹಾಗೇ ಆಯಿತು. ಮೇಲಿದ್ದ ಮಾಳಿಗೆಯ ಮಣ್ಣೋ, ಸೋರಿದಾಗಲೆಲ್ಲ ಪ್ರತಿ ವರ್ಷ ಮೆತ್ತಿ ಮೆತ್ತಿ ಒಂದು ಮೊಳ, ಎರಡು ಮೊಳ ದಪ್ಪವಾಗಿತ್ತು. ಅಷ್ಟು ಭಾರ ಮಲಗಿದವರ ಮೇಲೆ ಬಂತು.

ಅತ್ತೆ ಬದುಕಿದ್ದಕ್ಕೂ ಕಾರಣವಿದೆ. ಅವಳು, ಮಾವ, ಅಕ್ಕ ಪಡಸಾಲೆಯಲ್ಲಿ ಕಂಬಗಳ ನಡುವೆ ಮಲಗಿದ್ದರು. ಅಲ್ಲಿ ತೊಲೆಗಳ ಭಾರ ಹೊತ್ತಿದ್ದುದು ಗೋಡೆಯಲ್ಲ, ಸಾಗುವಾನಿ ಕಂಬಗಳು. ಗೋಡೆ ಹೊರಕ್ಕೆ ಬಿತ್ತು, ಕಂಬದ ಮೇಲಿನ ಮಾಳಿಗೆ ಅರ್ಧ ವಾಲಿ ನಿಂತಿತು. ಅಜ್ಜಿ ಮೊಮ್ಮಗನನ್ನು ಮಗ್ಗುಲಲ್ಲಿ ಹಾಕಿಕೊಂಡು ನಡುಮನೆಯಲ್ಲಿ ಮಲಗಿದ್ದಳು, ಗೋಡೆಯ ಬುಡಕ್ಕೆ, ತಂಪಿಗೆ. ಕಾಲು ಸಿಕ್ಕಿಕೊಂಡಿದ್ದ ಅಕ್ಕನನ್ನು ಕತ್ತಲಲ್ಲಿ ಕೈಯಿಂದಲೇ ಮಣ್ಣು ತೋಡಿ ಎಳೆದವಳು ಖಾಲಾ. ಖಾಲಾನ ಮನೆ ಸಣ್ಣದು, ತಗಡಿನ ಮಾಡಿನದು. ಬಡತನವೇ ಅವರನ್ನು ಉಳಿಸಿತ್ತು.

ಇನ್ನೊಂದು ಮಾತು. ಆಗಿನ ಭೂಕಂಪ ನಕಾಶೆಯಲ್ಲಿ ಆ ಪ್ರದೇಶ ಒಂದನೇ ವಲಯದಲ್ಲಿತ್ತು, ಅಂದರೆ ಅತಿ ಕಡಿಮೆ ಅಪಾಯದ್ದು. ದಖ್ಖನ್ನಿನ ಬಂಡೆಯನ್ನು ಯಾರು ಅಲುಗಿಸಬಲ್ಲರು ಎಂಬ ಧೈರ್ಯ. 2002ರಲ್ಲಿ ನಕಾಶೆಯನ್ನು ತಿದ್ದಿದಾಗ ಒಂದನೇ ವಲಯ ಎಂಬುದನ್ನೇ ತೆಗೆದುಹಾಕಿದರು.

ಆಮೇಲಿನದು ಕಟ್ಟುವ ಕತೆ. ನಾನು ಹೇಳಬೇಕೆಂದಿರುವುದು ಹೆಚ್ಚಾಗಿ ಇದನ್ನೇ, ಯಾಕೆಂದರೆ ಬಿದ್ದದ್ದನ್ನು ಎಲ್ಲರೂ ಬರೆದರು, ಕಟ್ಟಿದ್ದನ್ನು ನೋಡಲು ಮತ್ತೆ ಹೋದವರು ಕಡಿಮೆ.

ಮೊದಲು ತಗಡಿನ ಶೆಡ್ಡುಗಳು ಬಂದವು. 1994ರ ಬೇಸಿಗೆಯಲ್ಲಿ ನಾನು ಹೋದಾಗ ಅತ್ತೆ ಅದರಲ್ಲೇ ಇದ್ದಳು. ಮಧ್ಯಾಹ್ನ ಒಳಗೆ ಕೂರಲಾಗುತ್ತಿರಲಿಲ್ಲ. ಗೋಣಿಚೀಲ ಒದ್ದೆ ಮಾಡಿ ತಗಡಿನ ಮೇಲೆ ಹಾಕುವುದು ಮಕ್ಕಳ ಕೆಲಸ. ಆದರೂ ಅಲ್ಲಿ ಅತ್ತೆಯ ಶೆಡ್ಡಿಗೆ ಎದುರು ಖಾಲಾನ ಶೆಡ್ಡೇ ಇತ್ತು. ಯಾರೂ ಹಂಚಿಕೊಟ್ಟಿದ್ದಲ್ಲ, ಜನ ತಾವಾಗಿಯೇ ಹಳೆಯ ಓಣಿಯ ಪ್ರಕಾರ ಹೊಕ್ಕಿದ್ದರು. ಇಬ್ಬರೂ ಕೂಗಿ ಮಾತಾಡಿಕೊಳ್ಳುತ್ತಿದ್ದರು. ಮಾತು ಮಾತ್ರ ಕಡಿಮೆಯಾಗಿತ್ತು.

ಹಳೆಯ ಜಾಗದಲ್ಲೇ ಮತ್ತೆ ಮನೆ ಕಟ್ಟುವುದು ಬೇಡ ಎಂದದ್ದು ಜನರೇ. ಆ ಮಣ್ಣಿನಲ್ಲಿ ಯಾರು ಯಾರು ಉಳಿದಿದ್ದಾರೋ, ಅದರ ಮೇಲೆ ಒಲೆ ಹೂಡುವುದು ಹೇಗೆ? ಕಲ್ಲು ಕಂಡರೆ ಆಗುತ್ತಿರಲಿಲ್ಲ. ಸಿಮೆಂಟಿನ ಮನೆಯೇ ಬೇಕೆಂದರು. ಹೀಗೆ ತೀರ ನೆಲಸಮವಾದ 52 ಹಳ್ಳಿಗಳನ್ನು ಬೇರೆ ಜಾಗದಲ್ಲಿ ಕಟ್ಟುವುದೆಂದು ಮಹಾರಾಷ್ಟ್ರ ಸರ್ಕಾರ ತೀರ್ಮಾನಿಸಿತು. ವಿಶ್ವಬ್ಯಾಂಕಿನ ನೆರವು ಬಂತು. ದೇಶದ ಮೂಲೆಮೂಲೆಯಿಂದ ದಾನಿಗಳು ಬಂದು ಒಂದೊಂದು ಹಳ್ಳಿಯನ್ನು ವಹಿಸಿಕೊಂಡರು. ಅನಾಥರಾದ ಮತ್ತು ದಿಕ್ಕುತಪ್ಪಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಭಾರತೀಯ ಜೈನ ಸಂಘಟನೆ ಪುಣೆಗೆ ಕರೆದೊಯ್ದು ಓದಿಸಿತು. ಆ ಕೆಲಸಗಳನ್ನೆಲ್ಲ ನೆನೆದರೆ ಕೈ ಮುಗಿಯಬೇಕೆನಿಸುತ್ತದೆ. ಮುಂದೆ ನಾನು ಬರೆಯುವ ತಕರಾರುಗಳನ್ನು ಓದುವಾಗ ಇದು ನೆನಪಿರಲಿ.

ಮನೆ ಎಷ್ಟು ದೊಡ್ಡದು ಎಂಬುದಕ್ಕೆ ಲೆಕ್ಕ ಹಿಡಿದದ್ದು ಹೊಲವನ್ನು. ಹೊಲ ಇಲ್ಲದವರಿಗೆ ಮತ್ತು ಒಂದು ಹೆಕ್ಟೇರ್‌ವರೆಗೆ ಇರುವವರಿಗೆ 250 ಚದರಡಿಯ ಮನೆ. ಅದಕ್ಕಿಂತ ಹೆಚ್ಚು, ಏಳು ಹೆಕ್ಟೇರ್‌ವರೆಗೆ ಇದ್ದರೆ 400 ಚದರಡಿ. ಅದಕ್ಕೂ ಮೀರಿದವರಿಗೆ 750. ಎ, ಬಿ, ಸಿ ಎಂದು ಮೂರು ವರ್ಗ. ಹನ್ನೆರಡು ಎಕರೆಯ ಅತ್ತೆ 'ಬಿ' ಆದಳು, ಖಾಲಾ 'ಎ' ಆದಳು. ಶಾಲೆಯಲ್ಲಿ ಪಾಸು ಮಾಡಿದ ಹಾಗೆ ಊರಿನವರೆಲ್ಲ ತಮ್ಮ ತಮ್ಮ ಅಕ್ಷರ ಹೇಳಿಕೊಳ್ಳುತ್ತಿದ್ದರು.

ಹೊಸ ಊರನ್ನು ನಾನು ಮೊದಲು ನೋಡಿದ್ದು 1997ರಲ್ಲಿ. ಬಸ್ಸಿನಿಂದ ಇಳಿದವಳಿಗೆ ಇದು ಊರೋ, ಪಟ್ಟಣದ ಹೊರಗಿನ ಕ್ವಾರ್ಟರ್ಸೋ ತಿಳಿಯಲಿಲ್ಲ. ನೇರ ರಸ್ತೆ, ಅಡ್ಡ ರಸ್ತೆ, ಒಂದೇ ಅಚ್ಚಿನಲ್ಲಿ ತೆಗೆದ ಮನೆಗಳು. ರಸ್ತೆ ಎಷ್ಟು ಅಗಲವೆಂದರೆ ಎರಡು ಬಸ್ಸು ಒಟ್ಟಿಗೆ ಹೋಗಬಹುದು. ಊರಿಗೆ ಬರುತ್ತಿದ್ದುದು ದಿನಕ್ಕೆ ಎರಡೇ ಬಸ್ಸು. ಹಳೆಯ ಊರಿನ ಎಷ್ಟೋ ಪಟ್ಟು ಜಾಗದಲ್ಲಿ ಹೊಸ ಊರು ಹರಡಿಕೊಂಡಿತ್ತು. ನಕಾಶೆ ಬರೆದವರಿಗೆ ಗಾಳಿ, ಬೆಳಕು, ಬಿದ್ದರೂ ಒಂದರ ಮೇಲೊಂದು ಬೀಳದಷ್ಟು ಅಂತರ ಬೇಕಿತ್ತು. ತಪ್ಪೇನಿಲ್ಲ. ಆದರೆ ಅಷ್ಟು ಉದ್ದದ ನಲ್ಲಿಯ ಪೈಪು, ಅಷ್ಟು ರಸ್ತೆ, ಅಷ್ಟು ದೀಪ ನೋಡಿಕೊಳ್ಳಲು ಒಂದು ಹಳ್ಳಿಯ ಪಂಚಾಯಿತಿಗೆ ದುಡ್ಡು ಎಲ್ಲಿಂದ ಬರಬೇಕು? ಹೊಲಕ್ಕೆ ಹೋಗುವ ದಾರಿಯೂ ದೂರವಾಯಿತು.

ಅತ್ತೆಯ ಮನೆ ಇಪ್ಪತ್ತಡಿ ಉದ್ದ, ಇಪ್ಪತ್ತಡಿ ಅಗಲ. ಎರಡು ಕೋಣೆ, ಒಂದು ಅಡುಗೆಮನೆ, ಗಟ್ಟಿ ಛಾವಣಿ. ಗೋಡೆ ತೆಳ್ಳಗೆ. ಅತ್ತೆ ಮೊದಲು ಮಾಡಿದ ಕೆಲಸವೆಂದರೆ ಆ ಗೋಡೆಗೆ ಬೆರಳಿನಿಂದ ತಟ್ಟಿ ನೋಡಿದ್ದು. ಭೂಕಂಪಕ್ಕೆ ಇದು ಗಟ್ಟಿ ಎಂದು ಎಂಜಿನಿಯರು ಹೇಳಿದ ಮೇಲೆ ಮೂರು ವರ್ಷದ ನಂತರ ಸರಿಯಾಗಿ ನಿದ್ದೆ ಮಾಡಿದಳಂತೆ. ಅಷ್ಟರ ಮಟ್ಟಿಗೆ ಆ ಮನೆ ಮನೆಯೇ.

ಎತ್ತುಗಳು ಮಾತ್ರ ಎಲ್ಲಿ ಕಟ್ಟಬೇಕೆಂದು ನಕಾಶೆಯಲ್ಲಿ ಇರಲಿಲ್ಲ. ಹೊಟ್ಟು, ಕಣಿಕೆ, ನೇಗಿಲು, ಕುಂಟೆ ಎಲ್ಲಿಡಬೇಕೆಂದೂ ಇರಲಿಲ್ಲ. ಹಿತ್ತಲಿನ ಪಾಯಖಾನೆಯಲ್ಲಿ ಮಾವ ಕುಳ್ಳು ತುಂಬಿಸಿದ್ದ. ಪೇಟೆಯವರು ಇದನ್ನು ಹೇಳಿ ನಗುತ್ತಾರೆ. ನೀರಿಲ್ಲದ ಪಾಯಖಾನೆಗಿಂತ ಮಳೆಗೆ ನೆನೆಯದ ಕುಳ್ಳು ಮೇಲು ಎಂದು ಮಾವ ಲೆಕ್ಕ ಹಾಕಿದ್ದ, ಅಷ್ಟೇ. ಒಂದು ಊರಿನಲ್ಲಿ ದಾನಿಗಳು ಭೂಕಂಪಕ್ಕೆ ಜಗ್ಗದ ಗುಮ್ಮಟದ ಆಕಾರದ ಮನೆ ಕಟ್ಟಿಸಿಕೊಟ್ಟಿದ್ದರು. ನೋಡಲು ಚೆಂದ. ಒಳಗೆ ಗುಂಡಗಿನ ಗೋಡೆಗೆ ಕಪಾಟು ಒರಗಿಸುವುದು ಹೇಗೆಂದು ಹೆಂಗಸರು ತಲೆಕೆಡಿಸಿಕೊಂಡಿದ್ದರು.

ಇದೆಲ್ಲ ಹೊಂದಿಸಿಕೊಳ್ಳಬಹುದಾದ ಮಾತು. ಹೊಂದದೆ ಉಳಿದದ್ದು ಬೇರೆ. ನಮ್ಮ ಅತ್ತೆಯ ಊರಿನಲ್ಲಿ 'ಎ' ಮನೆಗಳನ್ನೆಲ್ಲ ಒಂದು ತುದಿಗೆ, 'ಬಿ' ಮನೆಗಳನ್ನು ನಡುವೆ, 'ಸಿ' ಮನೆಗಳನ್ನು ರಸ್ತೆ ಪಕ್ಕಕ್ಕೆ ಕಟ್ಟಿದ್ದರು. ಗಾತ್ರ ಒಂದೇ ಇದ್ದವು ಒಂದೇ ಕಡೆ ಇದ್ದರೆ ಕಟ್ಟುವುದು ಸುಲಭ, ಪೈಪು ಎಳೆಯುವುದು ಸುಲಭ. ಒಳಗೆ ಯಾರಿಗೆ ಯಾವ ಮನೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿದರು. ಖಾಲಾನ ಮನೆ ಊರಿನ ಆ ತುದಿಗೆ ಹೋಯಿತು. ಅತ್ತೆಯ ಎದುರುಮನೆಗೆ ಹಳೆಯ ಊರಿನ ಇನ್ನೊಂದು ಮೂಲೆಯವರು ಬಂದರು. ಒಳ್ಳೆಯ ಜನ, ಈಗಲೂ ಅಲ್ಲೇ ಇದ್ದಾರೆ. ಆದರೆ ಮಗನನ್ನು ಕಂಡವರಲ್ಲ.

ಅತ್ತೆ ಅದನ್ನು ಹೀಗೆ ಹೇಳಿದ್ದಳು: "ಅವನು ಹ್ಯಾಂಗಿದ್ದ ಅಂತ ಇವರಿಗಿ ಹೇಳಬೇಕಾಗ್ತದ. ಖಾಲಾಗ ಹೇಳೂದೇ ಬೇಡ."

ಖಾಲಾನ ಕಡೆಯಿಂದ ನೋಡಿದರೆ ಕತೆ ಸ್ವಲ್ಪ ಬೇರೆ ಎಂಬುದನ್ನೂ ಹೇಳಲೇಬೇಕು. ಹದಿನಾರಡಿ ಚೌಕದ ಮನೆಯೇ ಇರಬಹುದು, ಆದರೆ ಅದು ಅವಳ ಬದುಕಿನ ಮೊದಲ ಪಕ್ಕಾ ಮನೆ. ಹಳೆಯದು ಮಳೆಗೆ ಸೋರುತ್ತಿತ್ತು, ಜಾಗವೂ ಕಾಗದದ ಮೇಲೆ ಅವರದಾಗಿರಲಿಲ್ಲ. ಕೈಯಲ್ಲಿ ಹಕ್ಕುಪತ್ರ ಹಿಡಿದು ಅವಳು ಅತ್ತಿದ್ದಳಂತೆ. ಒಂಬತ್ತು ಖಣದಿಂದ ಇಪ್ಪತ್ತಡಿಗೆ ಇಳಿದವರಿಗೆ ಕುಗ್ಗಿದ ಹಾಗೆ ಕಂಡದ್ದು, ಏನೂ ಇಲ್ಲದವರಿಗೆ ಹಿಗ್ಗಿದ ಹಾಗೆ ಕಂಡಿತು. ನನ್ನ ಅತ್ತೆಯ ಮನೆಯ ದುಃಖವನ್ನೇ ಇಡೀ ಊರಿನ ದುಃಖವೆಂದು ಬರೆದರೆ ತಪ್ಪಾಗುತ್ತದೆ.

ಈಗ ಇನ್ನೊಂದು ಊರಿಗೆ ಬರುತ್ತೇನೆ. ಅತ್ತೆಯ ನಾದಿನಿಯನ್ನು ಕೊಟ್ಟ ಹಳ್ಳಿ ಅಲ್ಲಿಂದ ಎರಡು ಹರದಾರಿ. ಅಲ್ಲಿ ಗೋಡೆಗಳು ಸೀಳಿದ್ದವು, ಕೆಲವು ಬಿದ್ದಿದ್ದವು, ಊರು ಪೂರ್ತಿ ನೆಲ ಕಚ್ಚಿರಲಿಲ್ಲ. ಇಂಥ ಹಳ್ಳಿಗಳು ಸಾವಿರಗಟ್ಟಲೆ ಇದ್ದವು. ಅವುಗಳನ್ನು ಎತ್ತಿ ಬೇರೆ ಕಡೆ ಇಡಲಾಗುವುದಿಲ್ಲವಲ್ಲ, ಆದ್ದರಿಂದ ಇದ್ದಲ್ಲೇ ರಿಪೇರಿ, ಇದ್ದಲ್ಲೇ ಕಟ್ಟಿಕೊಳ್ಳುವುದು ಎಂದಾಯಿತು. ಹಣ ಕಂತುಕಂತಾಗಿ ಮನೆಯವರ ಕೈಗೇ. ಒಂದು ಹಂತದ ಕೆಲಸ ಮುಗಿಸಿ ಎಂಜಿನಿಯರಿಗೆ ತೋರಿಸಿದರೆ ಮುಂದಿನ ಕಂತು.

ನಾದಿನಿಯ ಮನೆಯ ಗೋಡೆಯನ್ನು ಹೊಲಿದ ರೀತಿ ನಾನು ಕಣ್ಣಾರೆ ನೋಡಿದ್ದೇನೆ. ಹೊಲಿದ ಎಂಬ ಮಾತೇ ಸರಿ. ದಪ್ಪ ಗೋಡೆಯಲ್ಲಿ ಈ ಮೈಯಿಂದ ಆ ಮೈಗೆ ಅಲ್ಲಲ್ಲಿ ಕಿಂಡಿ ಕೊರೆದು, ತುದಿ ಬಾಗಿಸಿದ ಕಬ್ಬಿಣದ ಸರಳು ತೂರಿಸಿ ಕಾಂಕ್ರೀಟು ತುಂಬಿದರು. ಬಾಗಿಲು, ಕಿಟಕಿಗಳ ಮೇಲ್ಗಡೆ ಮನೆಯ ಸುತ್ತ ತಂತಿಜಾಲರಿಯ ಪಟ್ಟಿ ಕಟ್ಟಿ ಸಿಮೆಂಟು ಬಳಿದರು. ಸೊಂಟಕ್ಕೆ ಉಡಿದಾರ ಕಟ್ಟಿದ ಹಾಗೆ. ಮಾಳಿಗೆಯ ಮಣ್ಣನ್ನು ಬುಟ್ಟಿ ಬುಟ್ಟಿಯಾಗಿ ಇಳಿಸಿ ತೆಳ್ಳಗೆ ಮಾಡಿದರು. ಕಂಬ ಮತ್ತು ತೊಲೆ ಸೇರುವಲ್ಲಿ ಓರೆ ಕಟ್ಟಿಗೆ ಕೊಟ್ಟು ಬಿಗಿದರು. ಅದೇ ಮನೆ, ಅದೇ ಬಾಗಿಲು, ಎತ್ತು ಅಲ್ಲೇ ಕಟ್ಟಿದ್ದು, ಎದುರುಮನೆ ಎದುರಿಗೇ.

ಈ ಹಣದ, ಕಬ್ಬಿಣದ, ಸಿಮೆಂಟಿನ ಲೆಕ್ಕ ಹಳ್ಳಿಯವರಿಗೆ ತಿಳಿಯಬೇಕಲ್ಲ? ಅದಕ್ಕೆ 'ಸಂವಾದ ಸಹಾಯಕ'ರೆಂದು ಆಯಾ ಊರಿನ ಹೆಂಗಸರನ್ನೇ ತಯಾರು ಮಾಡಿದರು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಅವರ ಬೆನ್ನಿಗಿತ್ತು. ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇಂಥ ಹೆಂಗಸರು ಮನೆಮನೆಗೆ ಹೋಗಿ ಯಾವ ಕಂತು ಯಾವಾಗ, ಸಿಮೆಂಟಿಗೆ ಮರಳು ಎಷ್ಟು, ಮೂಲೆಯಲ್ಲಿ ಸರಳು ಹೇಗೆ ಬಾಗಬೇಕು ಎಂದು ಹೇಳಿಕೊಟ್ಟರು. ನಾದಿನಿ ಅವರಲ್ಲೊಬ್ಬಳು. ನಾಲ್ಕನೇ ಇಯತ್ತೆ ಓದಿದವಳು, ಅಲ್ಲಿಯವರೆಗೆ ಮಾವನ ಎದುರು ತಲೆಯ ಮೇಲಿನ ಸೆರಗು ಸರಿಸಿದವಳಲ್ಲ. ಗೌಂಡಿಯ ಮುಂದೆ ನಿಂತು, "ಸಿಮೆಂಟ್ ಕಮ್ಮಿ ಹಾಕೀರಿ, ಮತ್ತ ಕಲಸ್ರಿ" ಎಂದು ಅವಳು ಅಂದಳಂತೆ. ಗೌಂಡಿ ನಕ್ಕನಂತೆ. ಅವಳು ಸಹಿ ಮಾಡುವುದಿಲ್ಲವೆಂದು ಪುಸ್ತಕ ಮುಚ್ಚಿದಳಂತೆ. ಗೌಂಡಿ ಮತ್ತೆ ಕಲಸಿದ.

2001ರ ಜನವರಿ 26ರಂದು ಗುಜರಾತಿನ ಕಚ್ಛ್‌ನಲ್ಲಿ ಭೂಮಿ ನಡುಗಿದಾಗ ಲಾತೂರ್ ಕಡೆಯ ಇಂಥ ಹೆಂಗಸರು ಅಲ್ಲಿಗೂ ಹೋಗಿ, ತಾವು ಪಟ್ಟ ಪಾಡು, ಕಲಿತ ಪಾಠ ಎರಡನ್ನೂ ಅಲ್ಲಿಯ ಹೆಂಗಸರಿಗೆ ಹೇಳಿಬಂದರು. ಕಚ್ಛ್‌ನಲ್ಲಿ ಹೆಚ್ಚಿನವರು ತಮ್ಮ ಜಾಗದಲ್ಲೇ, ತಾವೇ ನಿಂತು ಮನೆ ಕಟ್ಟಿಕೊಂಡರು. ಹಣ ಸರ್ಕಾರದ್ದು, ತಪಾಸಣೆ ಎಂಜಿನಿಯರದು, ಮನೆಯ ಬಾಗಿಲು ಯಾವ ಕಡೆಗೆ ಎಂಬ ತೀರ್ಮಾನ ಮನೆಯವರದು.

ನಮ್ಮಲ್ಲಿ? 2009ರ ನೆರೆಯಲ್ಲಿ ಉತ್ತರ ಕರ್ನಾಟಕದ ನದಿದಂಡೆಯ ಊರುಗಳು ಮುಳುಗಿದ ಮೇಲೆ 'ಆಸರೆ' ಯೋಜನೆಯಲ್ಲಿ ಹೊಸ ಬಡಾವಣೆಗಳು ಎದ್ದವು. ಮನೆಗಳೇನೋ ಬಂದವು. ದನಕ್ಕೆ ಜಾಗವಿಲ್ಲ, ಹೊಲ ದೂರ, ನೀರಿಲ್ಲ ಎಂದು ಎಷ್ಟೋ ಕಡೆ ಜನ ಹೋಗಲಿಲ್ಲ. ಹೋದವರಲ್ಲೂ ಕೆಲವರು ಹಳೆಯ ಊರಿಗೇ ಮರಳಿದರು. 2019ರಲ್ಲಿ ಮತ್ತೆ ಹೊಳೆ ಬಂತು. ಅಷ್ಟು ಹೊತ್ತಿಗೆ ಕೆಲವು ಆಸರೆ ಮನೆಗಳ ಬಾಗಿಲು, ಕಿಟಕಿ ಹೋಗಿ ಮುಳ್ಳುಕಂಟಿ ಬೆಳೆದಿತ್ತು. ಲಾತೂರಿನಿಂದ ಬೆಳಗಾವಿ, ಬಾಗಲಕೋಟೆ ಬಹಳ ದೂರವೇನಲ್ಲ. ಒಂದು ದಿನ ಬಸ್ಸಿನಲ್ಲಿ ಕುಳಿತು ಹೋಗಿ ನೋಡಿಬರಬಹುದಿತ್ತು.

ದೀಪಾವಳಿಗೆ ನಾನು, ಮಗಳು ಅತ್ತೆಯ ಊರು ಮುಟ್ಟಿದಾಗ ಸಂಜೆ. 1997ರ ಕ್ವಾರ್ಟರ್ಸ್ ಈಗ ಕಾಣುವುದಿಲ್ಲ. ಪ್ರತಿ ಮನೆಗೂ ಒಂದು ಬಾಲ, ಒಂದು ಕೊಂಬು. ಮುಂದೆ ತಗಡಿನ ಪಡಸಾಲೆ, ಹಿಂದೆ ಕೊಟ್ಟಿಗೆ, ಮಗ್ಗುಲಿಗೆ ಮಗನ ಕೋಣೆ, ಸುತ್ತ ಕಾಂಪೌಂಡು. ಅಗಲದ ರಸ್ತೆಯನ್ನು ಎರಡೂ ಕಡೆಯಿಂದ ಕಟ್ಟೆಗಳು, ತುಳಸಿ, ಬಣವೆ, ಟ್ರ್ಯಾಕ್ಟರುಗಳು ತಿನ್ನುತ್ತ ಬಂದು ಅದು ಹೆಚ್ಚು ಕಡಿಮೆ ಓಣಿಯಷ್ಟಾಗಿದೆ. ಮನೆಯ ಮುಂದೆ ಒಂದು ಬೇವು, ಇಬ್ಬರು ಕೂಡಿ ತಬ್ಬುವಷ್ಟು ದಪ್ಪ.

ಅತ್ತೆಯ ಕಾಂಪೌಂಡಿನ ಬಾಗಿಲು ನೋಡಿ ಮಗಳು ನಿಂತುಬಿಟ್ಟಳು. ಆಳೆರಡು ಎತ್ತರದ ಚೌಕಟ್ಟು, ಹಿತ್ತಾಳೆಯ ಗುಬ್ಬಿ ಬಡಿದ ಎರಡು ಕದ, ಮೇಲೆ ಕೆತ್ತಿದ ಗಿಳಿಗಳು. ಹಿಂದಿರುವ ಮನೆಗಿಂತ ಬಾಗಿಲೇ ದೊಡ್ಡದಾಗಿ ಕಾಣುತ್ತದೆ. ಅದು ಹಳೆಯ ಮನೆಯದು. ಬಿದ್ದ ಮನೆಯ ಮಣ್ಣಿನಿಂದ ಮಾವ ಅದನ್ನು ಎತ್ತಿಸಿ ತಂದು, ಶೆಡ್ಡಿನ ಹಿಂದೆ ಮೂರು ವರ್ಷ ಗೋಣಿಚೀಲ ಸುತ್ತಿ ಇಟ್ಟಿದ್ದ. ಹೊಸ ಮನೆಯ ಯಾವ ಗೋಡೆಯಲ್ಲೂ ಅದು ಹಿಡಿಸಲಿಲ್ಲ. ಕೊನೆಗೆ ಬಾಗಿಲಿಗೋಸ್ಕರವೇ ಕಾಂಪೌಂಡು ಕಟ್ಟಿಸಿದ. ಮಾವ ತೀರಿಕೊಂಡು ಆಗ ಎಂಟು ವರ್ಷ. ಬಾಗಿಲಿಗೆ ದೀಪಾವಳಿಯ ಎಣ್ಣೆ ಹಚ್ಚಿತ್ತು.

ಒಳಗೆ ಅಂಗಳದ ಬಲಕ್ಕೆ ಒಂದು ತಗಡಿನ ಕೋಣೆ. ಅದರ ಮುಂದೆ ಕನ್ನಡಕ ಹಾಕಿಕೊಂಡು ಕೌದಿ ಹೊಲಿಯುತ್ತಿದ್ದವಳು ಖಾಲಾ.

ಇದೇನು ಎಂದು ಕೇಳಿದ್ದಕ್ಕೆ ಅತ್ತೆ ಒಂದು ಮಾತಿನಲ್ಲಿ ಮುಗಿಸಿದಳು: "ಅಲ್ಲಿಂದ ಇಲ್ಲಿಗಿ ದಿನಾ ನಡದು ಅಕಿ ಮೊಣಕಾಲು ಹೋದ್ವು." ಖಾಲಾನ 'ಎ' ಮನೆಯಲ್ಲಿ ಈಗ ಮಗ, ಸೊಸೆ ಇದ್ದಾರೆ. ಅತ್ತೆಯ ಮನೆಯಲ್ಲಿ ಮಾವ ಹೋದ ಮೇಲೆ ಒಬ್ಬಳೇ; ಅಕ್ಕ ಸೊಲ್ಲಾಪುರದಲ್ಲಿ. ಖಾಲಾ ಹಗಲು ಬಂದು ರಾತ್ರಿ ಹೋಗುತ್ತಿದ್ದಳು, ಆಮೇಲೆ ಮಳೆ ಬಂದರೆ ಉಳಿಯುತ್ತಿದ್ದಳು, ಆಮೇಲೆ ಮಳೆ ಇಲ್ಲದಿದ್ದರೂ ಉಳಿಯತೊಡಗಿದಳು. ಒಂದು ದಿನ ಅವಳ ಮಗನೇ ಬಂದು ತಗಡು ಹೊಡೆದು ಕೋಣೆ ಮಾಡಿಕೊಟ್ಟ. ಬಾಗಿಲು ಅತ್ತೆಯ ಅಡುಗೆಮನೆಗೆ ಎದುರಾಗಿ. ಅತ್ತೆಯ ಒಲೆಯಿಂದ ಅದರ ಹೊಸ್ತಿಲು ನೇರ ಕಾಣುತ್ತದೆ.

ರಾತ್ರಿ ಊಟವಾದ ಮೇಲೆ ಮಗಳು ತನ್ನ ಪಟ್ಟಿಯಲ್ಲಿ ಒಂದು ಹಾಳೆ ತೆಗೆದು, "ಆಯಿ, ಹಳೆ ಊರು ಹೇಗಿತ್ತು ಹೇಳು, ನಕಾಶೆ ಬರೀತೀನಿ" ಎಂದಳು. ಹಳೆಯ ಊರು ಅಲ್ಲೇ ಒಂದು ಹರದಾರಿ ದೂರದಲ್ಲಿದೆ, ಜಾಲಿ ಬೆಳೆದು ಒಳಗೆ ಹೋಗಲಾಗುವುದಿಲ್ಲ. ಅತ್ತೆ ಮೊದಲು ಬೇಡ ಅಂದಳು. ಆಮೇಲೆ ಬೆರಳಿಟ್ಟಳು. ಇದು ಹನುಮಪ್ಪನ ಗುಡಿ. ಇದು ಬಾವಿ. ಇಲ್ಲಿಂದ ಓಣಿ ತಿರುಗ್ತದ. ಇದು ನಮ್ಮ ಮನಿ, ಇಷ್ಟು ಸಣ್ಣದಲ್ಲ, ದೊಡ್ಡದು ತೆಗಿ. ಇದು ಖಾಲಾನ ಮನಿ. ಮಗಳು ಕೊಳವೆಯಂತೆ ಎರಡು ಗೆರೆ ಎಳೆದು ನಡುವೆ ಓಣಿ ಮಾಡಿದಳು.

"ಇಲ್ಲಿ ಒಂದು ಬೇವಿನ ಗಿಡ ತೆಗಿ" ಎಂದಳು ಅತ್ತೆ. "ನಮ್ಮ ಕಟ್ಟಿ ಬಲ್ಲಿ. ಅವನು ದಿನಾ ಅದರ ಮ್ಯಾಲೇ ಇರ್ತಿದ್ದ."

ಖಾಲಾ ಸೂಜಿ ನಿಲ್ಲಿಸಿದಳು. "ನಿಮ್ಮ ಕಡಿಗಿ ಎಲ್ಲಿತ್ತು? ನಮ್ಮ ಕಡಿಗಿ ಇತ್ತು. ಗಿಡದಿಂದ ಇಳದು ಸೀದಾ ನನ್ನ ಬಾಗಲಿಗೇ ಬರ್ತಿದ್ದಿಲ್ಲೇನು?"

ಅತ್ತೆ ಸ್ವಲ್ಪ ಹೊತ್ತು ನೋಡಿದಳು. ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಮಗಳು ಪೆನ್ಸಿಲ್ ಹಿಡಿದು ಕಾಯುತ್ತಿದ್ದಳು.

"ನಡುವ ತೆಗಿ, ಬೇಟಾ" ಎಂದಳು ಖಾಲಾ.